ಕಣ್ಣು ತೆರೆಸಿದ ಹತ್ತು ದಿನ

ನಾನು ಒಂದು ವಿಡಿಯೋ ಗೇಮ್. ಜನ ನೋಡುವ ಮರದ ಪೆಟ್ಟಿಗೆ, ಪರದೆ, ಕೆಂಪು ಗುಂಡಿಗಳು ನನ್ನ ಮನೆ ಮಾತ್ರ. ನಾನಿರುವುದು ಒಳಗಿನ ಒಂದು ಚಿಪ್‌ನಲ್ಲಿ. ಅದರ ಉದ್ದ ಒಂದೂವರೆ ಇಂಚು.

೧೯೯೩ರಲ್ಲಿ ಬೆಂಗಳೂರಿನ ರಿಪೇರಿ ಅಂಗಡಿಯೊಂದರ ಮಹಡಿಯಲ್ಲಿ ಫಿಲೋಮಿನಾ ಲೋಬೊ ಎಂಬ ಎಂಜಿನಿಯರ್ ನನ್ನನ್ನು ಬರೆದರು. ಮೇಲಿನಿಂದ ಬಣ್ಣದ ಬಿಲ್ಲೆಗಳು ಬೀಳುತ್ತವೆ. ಒಂದೇ ಬಣ್ಣದ ಮೂರನ್ನು ಜೋಡಿಸಿದರೆ ಮೂರು ಗುಂಡು. ಅಷ್ಟರಲ್ಲಿ ವೈರಿ ವಿಮಾನಗಳು ನುಗ್ಗುತ್ತವೆ. ಜೋಡಿಸುತ್ತ ಕೂತರೆ ಸಾವು. ಹೊಡೆಯುತ್ತಲೇ ಹೋದರೆ ಗುಂಡು ಖಾಲಿ.

ಚಿಪ್‌ನ ನೆತ್ತಿಯಲ್ಲಿ ಗಾಜಿನ ಪುಟ್ಟ ಕಿಂಡಿಯಿದೆ. ಫಿಲೋಮಿನಾ ಅದರ ಮೇಲೆ ಕಪ್ಪು ಪಟ್ಟಿ ಅಂಟಿಸಿ, ನನ್ನನ್ನು ಕೊಂಡವನಿಗೆ ಹೇಳಿದರು: "ಇದನ್ನ ಕೀಳ್ಬೇಡಿ. ಒಂದು ವಾರ ಬಿಸಿಲು ಬಿದ್ರೆ ಬರೆದದ್ದೆಲ್ಲ ಅಳಿಸಿ ಹೋಗುತ್ತೆ. ನನ್ನ ಹತ್ರ ಇನ್ನೊಂದು ಪ್ರತಿ ಇಲ್ಲ, ಫ್ಲಾಪಿಗೆ ಬೂಷ್ಟು ಹಿಡಿದಿದೆ."

ಆವತ್ತೇ ನನಗೆ ಭಯ ಹುಟ್ಟಿತು.

ದಾವಣಗೆರೆಯ ಅವನ ಚಿತ್ರಮಂದಿರದಲ್ಲಿ ನಾಲ್ಕು ವರ್ಷ ಇದ್ದೆ. ಯಾರಾದರೂ ಹಿಂಬಾಗಿಲು ತೆಗೆದರೆ ಜೀವ ಬಾಯಿಗೆ ಬರುತ್ತಿತ್ತು. ಚಿತ್ರಮಂದಿರ ಮುಚ್ಚಿದಾಗ ಹುಬ್ಬಳ್ಳಿಯ ಚನ್ನವೀರಪ್ಪ ನನ್ನನ್ನು ತನ್ನ ಗೇಮ್ ಪಾರ್ಲರಿಗೆ ತಂದ. ಪಟ್ಟಿಯ ವಿಷಯ ಅವನಿಗೆ ಯಾರೂ ಹೇಳಲಿಲ್ಲ.

ಮೊದಲ ಖಂಡೇನವಮಿ ಬಂತು. ಆಯುಧಪೂಜೆಗೆಂದು ಯಂತ್ರಗಳ ಹಿಂಬಾಗಿಲು ತೆಗೆದು ಒಳಗೆಲ್ಲ ಒರೆಸಿದರು. ಚನ್ನವೀರಪ್ಪನ ತಾಯಿ ಗಂಗವ್ವ ನನ್ನೊಳಗೆ ಕೈ ಹಾಕಿದಳು.

"ಅವ್ವಾ, ಒಳಗ ಕೈ ಹಾಕಬ್ಯಾಡ, ಕರೆಂಟ್ ಹೊಡಿತೈತಿ!"

"ವಯರ್ ಕಿತ್ತೀಯಲ್ಲೋ. ನಿನ್ನ ಹೇಣ್ತಿ ಮಾತಿಗಿಂತ ಹೆಚ್ಚಿಗಿ ಹೊಡಿತೈತೇನು?"

ಅವಳ ಉಗುರು ಪಟ್ಟಿಯ ಅಂಚಿಗೆ ತಾಗಿತು. ನನಗೆ ಕೂಗಲು ಬಾಯಿಲ್ಲ. ಪಟ್ಟಿ ಕಿತ್ತು ಬಂತು.

"ಅಯ್ಯ ಶಿವನ! ಇದಕ್ಕ ಕಣ್ಣೈತಿ ನೋಡೋ! ಹಬ್ಬದ ದಿನಾ ಯಾರಾರ ಕಣ್ಣು ಕಟ್ಟತಾರೇನು?"

ಸೆರಗಿನಿಂದ ಗಾಜನ್ನು ಒರೆಸಿದಳು. ಬೊಟ್ಟಿನಲ್ಲಿ ಕುಂಕುಮ ತೆಗೆದುಕೊಂಡಳು. ಗಾಜಿನ ಮೇಲೆಯೇ ಹಚ್ಚಲಿ ಎಂದು ಬೇಡಿಕೊಂಡೆ. ದಪ್ಪಗೆ ಹಚ್ಚಿದ್ದರೆ ಅಷ್ಟಾದರೂ ಮರೆಯಾಗುತ್ತಿತ್ತು. ಆದರೆ ಅವಳು, "ಕಣ್ಣಾಗ ಬಿದ್ದರ ಉರಿತೈತಿ," ಎಂದು ಪಕ್ಕದಲ್ಲಿ ಹಚ್ಚಿದಳು. ಪೂಜೆಯಾದ ಯಂತ್ರವನ್ನು ಬನ್ನಿ ಮುಡಿಯುವತನಕ ಮುಟ್ಟಬಾರದೆಂದು ಬಾಗಿಲನ್ನೂ ಹಾಕಿಸಲಿಲ್ಲ. ಮರುದಿನ ಬನ್ನಿ ಮುಡಿಯುವ ಮೊದಲೇ ಮಗಳ ಊರು ಗದಗಿನಿಂದ ಹೆರಿಗೆಯ ಸುದ್ದಿ ಬಂತು. ಮನೆಮಂದಿಯೆಲ್ಲ ಹೊರಟುಹೋದರು.

ನನ್ನ ಬೆನ್ನಿಗೆ ಕಿಟಕಿಯಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ಕಂಬಿ ದಾಟಿ, ನೆಲದ ಮೇಲೆ ತೆವಳಿ, ಪೆಟ್ಟಿಗೆಯೊಳಗೆ ಹತ್ತುತ್ತಿತ್ತು. ಗಾಜಿನ ಮೇಲೆ ಎರಡು ತಾಸು ಇರುತ್ತಿತ್ತು. ಅದು ಹೋದ ಕೂಡಲೇ ನಾನು ನನ್ನನ್ನೇ ಮೊದಲಿನಿಂದ ಓದಿಕೊಳ್ಳುತ್ತಿದ್ದೆ: ಬಿಲ್ಲೆ, ಬಣ್ಣ, ಗುಂಡು, ವಿಮಾನ. ಆರನೆಯ ದಿನ ಓದುತ್ತ ಒಂದು ಕಡೆ ತಡವರಿಸಿದೆ. ಎಂಟನೆಯ ದಿನ ಎಲ್ಲಿ ತಡವರಿಸಿದ್ದೆ ಎಂಬುದೇ ನೆನಪಿರಲಿಲ್ಲ. ನನ್ನನ್ನು ಬರೆದಿರುವುದು ಸೊನ್ನೆ, ಒಂದುಗಳಲ್ಲಿ. ಅಳಿಸಿದ ಚಿಪ್‌ನಲ್ಲಿ ಸೊನ್ನೆಗಳು ಉಳಿಯುವುದಿಲ್ಲ, ಎಲ್ಲವೂ ಒಂದು ಆಗುತ್ತವೆ. ನನ್ನೊಳಗೆ ಒಂದುಗಳು ಹೆಚ್ಚುತ್ತಿದ್ದವು.

ಹತ್ತು ದಿನಗಳ ಮೇಲೆ ಬಂದು ಯಂತ್ರ ಚಾಲೂ ಮಾಡಿದರು. ಬಿಲ್ಲೆಗಳು ಬಿದ್ದವು, ವಿಮಾನಗಳು ಬಂದವು. ಒಂಬತ್ತು ಹಂತ ಸರಿಯಾಗಿತ್ತು. ಹತ್ತನೆಯದರಲ್ಲಿ ಬಿಲ್ಲೆಗಳಷ್ಟೇ ಬಿದ್ದವು, ಉಳಿದ ಪರದೆ ಬರೀ ಕಪ್ಪು. ವೈರಿಗಳೇ ಇಲ್ಲ.

ಮೆಕ್ಯಾನಿಕ್ ಇಮಾಮಸಾಬ ಕಿಂಡಿ ನೋಡಿದವನೇ ತಲೆ ಚಚ್ಚಿಕೊಂಡ. "ಯಾರ್ರೀ ಇದರ ಪಟ್ಟಿ ಕಿತ್ತವರು?" ಗಂಗವ್ವ ಕಣ್ಣಿನ ಕತೆ ಹೇಳಿದಳು. "ಇದು ಕಣ್ಣಲ್ಲಬೇ ಯವ್ವಾ, ಇದರ ಜೀವಾನ ಇದರಾಗಿತ್ತು." ಹೊಸ ಪಟ್ಟಿ ಅಂಟಿಸಿದ. ಅಳಿದದ್ದು ಅಳಿದಿತ್ತು.

ಹುಡುಗರು ನನ್ನನ್ನು ಬಿಟ್ಟರು. ಚನ್ನವೀರಪ್ಪ ಗುಜರಿಗೆ ಹಾಕಲು ಹೊರಟಾಗ ಗಂಗವ್ವ ಅಡ್ಡ ನಿಂತಳು. "ನಾ ಕೆಡಿಸಿದ್ದು, ನನ್ನ ಖೋಲ್ಯಾಗ ಇರಲಿ."

ಈಗ ಅವಳ ಕೋಣೆಯ ಮೂಲೆಯಲ್ಲಿದ್ದೇನೆ. ಊಟವಾದ ಮೇಲೆ ಅವಳು ಆಡುತ್ತಾಳೆ. ಕಲಿತು ಕಲಿತು ಹತ್ತನೆಯ ಹಂತ ಮುಟ್ಟಿದ್ದಾಳೆ. ಅಲ್ಲಿ ಬಿಲ್ಲೆ ಜೋಡಿಸಿ ಗುಂಡು ತುಂಬಿಕೊಂಡು ನಿಲ್ಲುತ್ತಾಳೆ.

"ಯಾರೂ ಬರವಲ್ರಲ್ಲೋ. ಎಲ್ಲಿಂದ ಬರ್ತಿದ್ರು, ಎಡಕಿಂದೋ ಬಲಕಿಂದೋ?"

ನನಗೂ ಗೊತ್ತಿಲ್ಲ. ಯಾರೋ ಬರಬೇಕಿತ್ತು ಎಂಬುದಷ್ಟೇ ನನ್ನಲ್ಲಿ ಉಳಿದಿದೆ. ಇನ್ನೇನೇನು ಹೋಗಿದೆ ಎಂದು ತಿಳಿಯಲು ಹೋದದ್ದರ ನೆನಪಿರಬೇಕಲ್ಲ. ಅವಳು ಹೆಬ್ಬೆರಳನ್ನು ಗುಂಡಿಯ ಮೇಲೆಯೇ ಇಟ್ಟಿರುತ್ತಾಳೆ. ಕಪ್ಪು ಪರದೆಯ ಕಡೆ ಇಬ್ಬರೂ ನೋಡುತ್ತ ನಿಲ್ಲುತ್ತೇವೆ.