ಒಂದು ಮುಡಿ ಕಗ್ಗ

"ಎಂಟನೇ ಕ್ಲಾಸು ದಾಟುಕೆ ಆಗದ ತಲೆ ಅದು. ಅದ್ರ ಮಾತು ಕೇಳಿ ಊರವ್ರೆಲ್ಲ ಕಟ್ಟೆ ಬಾಗ್ಲು ಮುಚ್ಚಿ ಕುತ್ಕಳ್ಬೇಕಾ?" ಗಜನಿ ಸಂಘದ ಅಧ್ಯಕ್ಷ ಕೃಷ್ಣಾನಂದ ಹೇಳಿದ್ದೇ ತಡ, ಶಾಲೆಯ ಜಗಲಿಯಲ್ಲಿ ಕೂತ ಮೂವತ್ತು ಮಂದಿಯೂ ನಕ್ಕರು. "ಏಡಿ ಹಿಡೂಕೆ ಹೋಗಾ ಹಮ್ಮ. ಅದ್ಕೆ ಓದು ಬ್ಯಾಡ."

ಹಮ್ಮ ಕದಲಲಿಲ್ಲ. ಅಘನಾಶಿನಿ ಹೊಳೆಯ ಉಪ್ಪುನೀರಿಗೂ ಊರಿನ ಗಜನಿ ಎಂಬ ತಗ್ಗು ಗದ್ದೆಗಳಿಗೂ ನಡುವೆ ಇರುವುದು ಒಂದು ಮಣ್ಣಿನ ಕಟ್ಟೆ, ಅದರ ಬಾಗಿಲಿಗೆ ನಾಲ್ಕು ಮರದ ಹಲಗೆ. ಭತ್ತ ಕೊಯ್ದ ಮೇಲೆ ಹಲಗೆ ಎತ್ತಿ ಹೊಳೆ ನೀರು ಬಿಟ್ಟು ಸಿಗಡಿ ಬೆಳೆಸುವುದು ಹಿಂದಿನ ಕ್ರಮ. ಈ ವರ್ಷ ಹಮ್ಮನನ್ನು ಬಿಟ್ಟು ಯಾರೂ ಬಿತ್ತಿರಲಿಲ್ಲ. ಊರಿನ ಗದ್ದೆಗಳನ್ನು ಹಿಡಿದಿದ್ದ ಸಿಗಡಿ ಗುತ್ತಿಗೆಯವನಿಗೆ ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೇ ನೀರು ಬೇಕು. ಅದಕ್ಕೆ ಆರು ದಿನ ಉಳಿದಿತ್ತು. ಹಮ್ಮನ ಎರಡು ಎಕರೆ ಕಗ್ಗ ಭತ್ತ ಬಲಿಯಲು ಹದಿನೈದು ದಿನವಾದರೂ ಬೇಕು. ಊರಿನಲ್ಲಿ ಉಳಿದ ಕಗ್ಗದ ಬೀಜವೆಂದರೆ ಆ ಗದ್ದೆಯಲ್ಲಿದ್ದದ್ದೇ.

"ಹದ್ನೈದು ದಿನ ಒಡ್ಯಾ. ಮತ್ತೆಂತದೂ ಕೇಳೂದಿಲ್ಲ."

"ಕಗ್ಗ ಉಪ್ಪುನೀರಲ್ಲೇ ಬೆಳೂದು ಅಲ್ದನಾ?" ಎಂದ ಜಗಲಿಯಲ್ಲಿ ಕೂತಿದ್ದ ಸುಬ್ಬ. "ಅದ್ಕೆಂತ ಆತದೆ?"

"ಬುಡ ನೆಂದ್ರೆ ತಡಕಂತದೆ. ತೆನೆ ಮುಳುಗಿದ್ರೆ ನಿಂತಲ್ಲೇ ಮೊಳಕೆ ಬತ್ತದೆ. ನಿನ್ನಪ್ಪಂಗೆ ಗೊತ್ತಿತ್ತು, ನಿಂಗೆ ಗೊತ್ತಿಲ್ಲ!"

"ಬಂದ ನೋಡು ವಿಜ್ಞಾನಿ," ಎಂದು ಹಿಂದಿನಿಂದ ಯಾರೋ ಅಂದರು. ಕೈ ಎತ್ತಿಸಿ ಎಣಿಸಿದರು. ಹಮ್ಮನ ಪರವಾಗಿ ಎದ್ದದ್ದು ಅವನದೇ ಕೈ.

ಕತ್ತಿ ಹಿಡಿದು ಕಟ್ಟೆಯ ಬಾಗಿಲಲ್ಲೇ ಕೂರುತ್ತೇನೆಂದು ಹೊರಟವನನ್ನು ತಾಯಿ ದೇವಿ ತಡೆದಳು. "ಸಿಟ್ಟು ಆಮೇಲೆ ಮಾಡು. ಬಲ್ತದ್ದಷ್ಟಾದ್ರೂ ಆರ್ಸಿ ತೆಗ್ಯುವಾ, ಬಾ." ಐದು ದಿನ ಇಬ್ಬರೂ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಂದೊಂದೇ ತೆನೆಯನ್ನು ಉಗುರಿನಿಂದ ಒತ್ತಿ ನೋಡಿದರು. ಕಾಳು ಗಟ್ಟಿಯಿದ್ದರೆ ಕೊಯ್ದರು, ಮೆತ್ತಗಿದ್ದರೆ ಬಿಟ್ಟರು. ಬಿಟ್ಟದ್ದೇ ಹೆಚ್ಚು. ಅಮಾವಾಸ್ಯೆಯ ಬೆಳಿಗ್ಗೆ ಹಲಗೆ ಎದ್ದವು. ನಾಲ್ಕು ದಿನಕ್ಕೆ ನೀರೊಳಗೆ ಬಾಗಿದ ತೆನೆಗಳಲ್ಲಿ ಬಿಳಿ ಮೊಳಕೆ ಕಂಡಿತು, ಆಮೇಲೆ ಎಲ್ಲವೂ ಕೊಳೆಯಿತು. ಕೊಯ್ದದ್ದನ್ನು ಬಡಿದು, ಒಣಗಿಸಿ, ದೇವಿ ಹುಲ್ಲಿನಲ್ಲಿ ಸುತ್ತಿ ಬಿಗಿದಳು. ಒಂದೇ ಒಂದು ಮುಡಿಯಾಯಿತು.

ಬೇಸಿಗೆಯಲ್ಲಿ ಗುತ್ತಿಗೆಯವನು ಬಲೆ ಎಳೆದಾಗ ಬಿತ್ತದ ಗದ್ದೆಗಳ ಸಿಗಡಿ ಬೆರಳುದ್ದವೂ ಇರಲಿಲ್ಲ. ಭತ್ತದ ಕೂಳೆ ಕೊಳೆತರೆ ತಾನೆ ಅವಕ್ಕೆ ತಿನ್ನಲು ಏನಾದರೂ ಸಿಗುವುದು. ದಪ್ಪ ಸಿಗಡಿ ಸಿಕ್ಕಿದ್ದು ಹಮ್ಮನ ಗದ್ದೆ ಮುಳುಗಿದ ಮೂಲೆಯಲ್ಲಿ ಮಾತ್ರ. ಎಲ್ಲರೂ ಕಗ್ಗ ಬಿತ್ತಿದರೆ ಮಾತ್ರ ಮುಂದಿನ ಸಲ ಬರುತ್ತೇನೆಂದು ಹೇಳಿ ಅವನು ಹೋದ.

ಮೊದಲ ಮಳೆ ಬಿದ್ದ ಮರುದಿನ ಹಮ್ಮ ಬೀಜ ನೆನೆಹಾಕಲು ಮುಡಿ ಹೊತ್ತು ಕೆರೆಗೆ ಹೊರಟಿದ್ದ. ಅಂಗಳಕ್ಕೆ ಕೃಷ್ಣಾನಂದ ಬಂದ. ಹಿಂದೆ ಸುಬ್ಬ ಮತ್ತು ಸಂಘದ ಇನ್ನೂ ಏಳೆಂಟು ಮಂದಿ.

"ತಮಾ, ಹೋದ್ವರ್ಷದ್ದು ಮನ್ಸಲ್ಲಿ ಇಟ್ಕಬ್ಯಾಡ. ಈ ಸಲ ಇಡೀ ಗಜನಿಗೆ ಕಗ್ಗ ಬಿತ್ತೂದು ಅಂತ ಮಾಡೀವು. ಬೀಜ ಇರೂದು ನಿನ್ನ ಹತ್ರ ಮಾತ್ರ. ಎಷ್ಟದೆ?"

"ಇದೇ, ಅವ್ನ ತಲೆ ಮೇಲಿದ್ದದ್ದು," ಎಂದಳು ದೇವಿ ಬಾಗಿಲಿನಿಂದ.

"ಒಂದೇ ಮುಡಿಯಾ?" ಕೃಷ್ಣಾನಂದನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ಎರಡೆಕರೆ ಬಿತ್ತಿದ್ಯಲ್ಲ ಮಾರಾಯಾ, ಉಳ್ದದ್ದೆಲ್ಲ ಎಂತ ಮಾಡ್ದೆ?"

ಹಮ್ಮ ಅವನ ಮುಖ ನೋಡಿದ. ಮುಡಿಯನ್ನು ತಲೆಯ ಮೇಲೆ ಸರಿಯಾಗಿ ಕೂರಿಸಿಕೊಂಡ. ದಾರಿಗೆ ಅಡ್ಡ ನಿಂತಿದ್ದ ಸುಬ್ಬ ಪಕ್ಕಕ್ಕೆ ಸರಿದ. ಹಮ್ಮ ಒದ್ದೆ ಮಣ್ಣಿನಲ್ಲಿ ಹೆಜ್ಜೆಯೂರುತ್ತ ಕೆರೆಯ ಕಡೆ ಇಳಿದುಹೋದ.