ಪೂಜೆಗಿಟ್ಟ ಫೋನು

ಪೀಣ್ಯದ ಆ ಪುಟ್ಟ ಕಾರ್ಖಾನೆಯಲ್ಲಿ ಕೃತಕ ಕಾಲು ತಯಾರಾಗುತ್ತಿತ್ತು. ಆಯುಧಪೂಜೆಯ ಮಂಗಳಾರತಿ ಮುಗಿದು ಎಲ್ಲರೂ ಕಡ್ಲೆಪುರಿ ಮೆಲ್ಲುತ್ತಿದ್ದರೆ, ಕಂಪ್ಯೂಟರ್ ನೋಡಿಕೊಳ್ಳುವ ಅಮೂಲ್ಯಾಗೆ ಮಾತ್ರ ಕೈಕಾಲು ಆಡದಂತಾಗಿತ್ತು. ಕಾಲು ಕಳೆದುಕೊಂಡವರ ಅಳತೆಗಳನ್ನೆಲ್ಲ ಇಟ್ಟಿದ್ದ ಕ್ಲೌಡ್ ಖಾತೆ ಬಂದ್ ಆಗಿತ್ತು. ಅದರ ಬಾಡಿಗೆ ಕಟ್ಟುತ್ತಿದ್ದ ಬ್ಯಾಂಕಿನ ಹಳೇ ಕಾರ್ಡಿನ ಅವಧಿ ಮುಗಿದದ್ದೇ ಕಾರಣ. ಎಚ್ಚರಿಕೆಯ ಮೇಲ್‌ಗಳೆಲ್ಲ ಹೋಗಿದ್ದು ಮಾಲೀಕ ವೆಂಕಟಸುಬ್ಬಯ್ಯನವರಿಗೆ. ಆ ಮಹಾನುಭಾವರು ಮೇಲ್ ತೆರೆಯುವುದು ಸಂಕ್ರಾಂತಿಗೊಮ್ಮೆ. ಇವತ್ತು ಸಂಜೆಯೊಳಗೆ ಖಾತೆ ಮತ್ತೆ ಶುರುವಾಗದಿದ್ದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ಬೇರೆ ಪ್ರತಿಯೂ ಇರಲಿಲ್ಲ. ಕಂಪ್ಯೂಟರಿನಲ್ಲಿದ್ದುದನ್ನು ಜಾಗ ಸಾಲದೆಂದು ಹೋದ ವಾರ ಅವಳೇ ಅಳಿಸಿದ್ದಳು.

ಹೊಸ ಕಾರ್ಡು ಕೈಯಲ್ಲೇ ಇತ್ತು. ಖಾತೆಯೊಳಗೆ ಹೋಗಲು ಬೇಕಾದ ಒಟಿಪಿ ಮಾತ್ರ ಬರುವುದು ಯಜಮಾನರ ಫೋನಿಗೆ. ಆ ಫೋನೋ, ಸ್ವಿಚ್ ಆಫ್ ಆಗಿ, ಕುಂಕುಮ ಹಚ್ಚಿಸಿಕೊಂಡು, ಸುತ್ತಿಗೆ ಸ್ಪ್ಯಾನರ್‌ಗಳ ಜೊತೆ ಚಾಮುಂಡಿಯ ಪಟದ ಮುಂದೆ ಕೂತಿತ್ತು.

"ಸಾರ್, ಫೋನ್ ಒಂದ್ನಿಮಿಷ ಬೇಕಿತ್ತು."

"ಪೂಜೆಗಿಟ್ಟಿದ್ದನ್ನ ನಾಳೆ ಬೆಳಿಗ್ಗೆವರೆಗೂ ಮುಟ್ಟೋ ಹಾಗಿಲ್ಲಮ್ಮ," ಎಂದರು ವೆಂಕಟಸುಬ್ಬಯ್ಯ.

ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯ. ಪೂಜೆಗಿಟ್ಟ ಲೇತ್ ಯಂತ್ರವನ್ನು ಅವತ್ತೇ ಓಡಿಸಲು ಹೋಗಿ ಗೆಳೆಯ ದಾಸಪ್ಪ ಬೆರಳು ಕಳೆದುಕೊಂಡದ್ದನ್ನು ಕಣ್ಣಾರೆ ಕಂಡವರು. ಅದು ಕಾಕತಾಳೀಯ ಎಂದು ಅವರೆದುರು ಹೇಳುವ ಎದೆಗಾರಿಕೆ ಯಾರಿಗಿದೆ?

ಅಮೂಲ್ಯಾ ಎಲ್ಲವನ್ನೂ ಒಪ್ಪಿಕೊಂಡಳು. "ನಂದೇ ತಪ್ಪು ಸಾರ್. ಆದ್ರೆ ಅಷ್ಟೂ ಜನ ಮತ್ತೆ ಅಳತೆ ಕೊಡೋಕೆ ಬರ್ಬೇಕಾಗುತ್ತೆ. ಯಾದಗಿರಿಯಿಂದ ಬಂದ ದುರ್ಗವ್ವನ್ನ ಅವಳ ಗಂಡ ಬೆನ್ನ ಮೇಲೆ ಹೊತ್ಕೊಂಡು ಈ ಮೆಟ್ಲು ಹತ್ತಿದ್ದ. ಇನ್ನೊಂದ್ಸಲ ಹತ್ತು ಅಂತ ಹೆಂಗೆ ಹೇಳ್ಲಿ?"

ಯಜಮಾನರು ಕೂತಲ್ಲಿಂದ ಏಳಲಿಲ್ಲ. ಅಮೂಲ್ಯಾ ಗೋಡೆ ಗಡಿಯಾರ ನೋಡಿದಳು. ಏನಾದರಾಗಲಿ ಎಂದು ತಾನೇ ಫೋನಿಗೆ ಕೈಚಾಚಿದಳು.

"ಮುಟ್ಬೇಡ!"

ಗದರಿದವರು ಎದ್ದು ಬಂದು ಅವಳನ್ನು ಹಿಂದಕ್ಕೆ ಸರಿಸಿದರು. ಕೆನ್ನೆ ಕೆನ್ನೆ ಬಡಿದುಕೊಂಡು, "ಏನಾದ್ರೂ ಆಗೋದಿದ್ರೆ ನನಗೇ ಆಗ್ಲಿ ತಾಯಿ, ಈ ಹುಡುಗಿಗೆ ಬೇಡ," ಎಂದು ಫೋನನ್ನು ಎತ್ತಿಕೊಂಡು ಆನ್ ಮಾಡಿದರು.

ಮೊದಲ ಒಟಿಪಿ ಓದುವಷ್ಟರಲ್ಲಿ ಅದರ ಹೊತ್ತು ಮೀರಿತು. ಎರಡನೆಯದನ್ನು ಯಜಮಾನರು ಮಂತ್ರದ ಹಾಗೆ ಬಿಡಿಬಿಡಿಯಾಗಿ ಹೇಳಿದರು. ಕಾರ್ಡಿನ ವಿವರ ತುಂಬಿಸಿ ಅಮೂಲ್ಯಾ ಗುಂಡಿ ಒತ್ತಿದಳು. ಪರದೆಯ ಮೇಲಿನ ಚಕ್ರ ಸುತ್ತಿತು, ಸುತ್ತಿತು. ಖಾತೆ ಮತ್ತೆ ಶುರುವಾಯಿತು. ದುರ್ಗವ್ವನ ಅಳತೆ ಇದ್ದಲ್ಲೇ ಇತ್ತು. ಅಮೂಲ್ಯಾಗೆ ಅಳು ತಡೆಯಲಾಗಲಿಲ್ಲ.

"ನಿನ್ನ ನಂಬರನ್ನೂ ಅದಕ್ಕೆ ಹಾಕು," ಎಂದರು ಯಜಮಾನರು. "ಇಷ್ಟು ಜನರ ಕಾಲು ನನ್ನೊಬ್ಬನ ಜೇಬಲ್ಲಿರಬಾರ್ದು ಕಣಮ್ಮ."

ಕೆಲಸ ಹೋಯಿತೆಂದೇ ತಿಳಿದಿದ್ದ ಅಮೂಲ್ಯಾ, ಖಾತೆಯ ಒಡೆಯರ ಸಾಲಿನಲ್ಲಿ ತನ್ನ ಹೆಸರನ್ನೇ ಎರಡು ಸಲ ತಪ್ಪಾಗಿ ಟೈಪ್ ಮಾಡಿದಳು.