ಮುಚ್ಚಂಡಿ ತಿರುವಿನ ಕೆಂಪು

ಮುಚ್ಚಂಡಿ ಶಾಲೆಯ ಮುಂದಿನ ತಿರುವಿನಲ್ಲಿ ನಲವತ್ತು ಅಡಿ ಡಾಂಬರಿಗೆ ಕೆಂಪು ಬಳಿಯಬೇಕೋ ಹಸಿರು ಬಳಿಯಬೇಕೋ ಎಂಬುದು ಮನುಷ್ಯಕುಲ ಹಗುರವಾಗಿ ತೆಗೆದುಕೊಳ್ಳಬಹುದಾದ ಪ್ರಶ್ನೆಯಲ್ಲ. ಅದಕ್ಕಾಗಿ ಮೂರು ಸಭೆ ಸೇರಿದವು. ಎರಡರಲ್ಲಿ ಚಹಾ ಬಂತು, ಒಂದರಲ್ಲಿ ಬರಲಿಲ್ಲ. ಚಹಾ ಬಾರದ ಸಭೆಯಲ್ಲೇ ಕೆಂಪೆಂದು ನಿರ್ಣಯವಾಯಿತು.

ನಿರ್ಣಯದ ಭಾರ ದರಿಬಡಚಿ ಊರಿನ ಐದು ಜನರ ರಸ್ತೆ ಗ್ಯಾಂಗಿನ ಮೇಲೆ ಬಿತ್ತು. ಅದರ ಮಿಸ್ತ್ರಿ ಹಾಜಿಮಲಂಗ. ಸಾಂಗಲಿಯಿಂದ ಬಂದ ಎಂಜಿನಿಯರ್ ಕುಣಾಲ ಅವನಿಗೆ ಮರಾಠಿಯಲ್ಲಿ ಹೇಳಿದ್ದು ಇಷ್ಟು: ಈ ತುಂಡು ಸರಿಯಾದರೆ ಉಳಿದ ಹನ್ನೊಂದು ತಿರುವೂ ನಿಮಗೆ, ಕೆಟ್ಟರೆ ಪುಣೆಯ ಗ್ಯಾಂಗಿಗೆ. ಹನ್ನೊಂದು ತಿರುವೆಂದರೆ ಚಳಿಗಾಲ ಪೂರ್ತಿ ರಾತ್ರಿ ಸ್ವಂತ ಮನೆಯಲ್ಲಿ ಮಲಗುವುದು. ಇಲ್ಲವಾದರೆ ಕಬ್ಬು ಕಡಿಯುವ ಟೋಳಿಯ ಜೊತೆ ಟ್ರ್ಯಾಕ್ಟರ್ ಹತ್ತಿ ಐದು ತಿಂಗಳು ಗುಡಿಸಲು.

"ಈ ವರ್ಷ ಕಬ್ಬಿಗಿ ನಾ ಒಲ್ಲೆಪಾ," ಎಂದಳು ಗ್ಯಾಂಗಿನ ಇಂದುಬಾಯಿ. ಐವತ್ತೈದು ದಾಟಿದ ಅವಳ ಮೊಳಕಾಲು ಕೂತರೆ ಏಳಲೊಲ್ಲದು, ಎದ್ದರೆ ಕೂಡಲೊಲ್ಲದು. "ಈ ಸಲ ಹೋದ್ನೆಂದ್ರ ಮೊಳಕಾಲ ಅಲ್ಲೇ ಹೊಲದಾಗ ಬಿಟ್ಟು ಬರ್ತೀನಿ."

"ಬಿಟ್ಟು ಬಾ ಬೇ ಅಕ್ಕಾ, ಕಾರ್ಖಾನಿಯವ್ರು ಅದನ್ನೂ ಅರದು ಸಕ್ರಿ ಮಾಡ್ತಾರ," ಎಂದ ಅಂಟು ಕಲಸುವ ಗುರಪ್ಪ.

ರಸ್ತೆಗೆ ಬಳಿಯುವ ಆ ಅಂಟು ಎರಡು ಡಬ್ಬಿಯಲ್ಲಿ ಬರುತ್ತದೆ. ಒಂದು ಜೇನಿನಷ್ಟು ಮಂದ, ಇನ್ನೊಂದು ಎಣ್ಣೆಯಷ್ಟು ತೆಳು. ಕೆಂಪು ಪುಡಿ ಹಾಕಿ ಎರಡನ್ನೂ ಕೂಡಿಸಿದ ಮೇಲೆ ಇಪ್ಪತ್ತು ನಿಮಿಷದೊಳಗೆ ಬಳಿದು ಮುಗಿಸಬೇಕು. ಮೇಲೆ ಸುಟ್ಟ ಬಾಕ್ಸೈಟಿನ ಕೆಂಪು ಹರಳು, ಜೋಳದ ನುಚ್ಚಿನಷ್ಟು ದಪ್ಪದ್ದು, ಅಂಟು ಕಾಣದಂತೆ ತೂರಬೇಕು. ಗಾಡಿಯ ಗಾಲಿ ಜಾರದಂತೆ ಹಿಡಿಯುವುದು ಆ ಹರಳೇ.

ಹತ್ತು ಗಂಟೆಗೆ ಎಲ್ಲ ಮುಗಿಯಿತು. ನಾಲ್ಕು ತಾಸು ಯಾರೂ ಮುಟ್ಟಕೂಡದೆಂದು ಹೇಳಿ ಕುಣಾಲ ಜತ್ತ ಪಟ್ಟಣಕ್ಕೆ ಊಟಕ್ಕೆ ಹೋದ. ನಸುಕಿನಲ್ಲೇ ಎದ್ದಿದ್ದ ಗ್ಯಾಂಗು ಬೇವಿನ ಗಿಡದ ಕೆಳಗೆ ರೊಟ್ಟಿ ತಿಂದು ಒರಗಿತು.

"ಅಕ್ಕಾ, ನೀ ಚಂದಂಗ ನೋಡ್ಕೋ. ನಾಯಿ ಸೈತ ಕಾಲಿಡಬಾರ್ದು," ಎಂದು ಹಾಜಿಮಲಂಗ ಮುಖದ ಮೇಲೆ ಟವೆಲ್ ಎಳೆದುಕೊಂಡ.

ಇಂದುಬಾಯಿ ನೋಡಿಕೊಂಡಳು. ಒಂದು ಕುರಿಹಿಂಡನ್ನು ತಿರುಗಿಸಿದಳು. ಒಬ್ಬ ಬೈಕಿನವನನ್ನು ನಿಲ್ಲಿಸಿದಳು.

"ಏನ ಬೇ, ಕೆಂಪು ಜಮಖಾನಿ ಹಾಸೀರಿ? ಮಂತ್ರಿ ಬರ್ತಾನೇನು?"

"ಮಂತ್ರಿ ಬಂದ್ರೂ ಆ ಕಡಿಂದ ಇಳಿದು ಹೋಗ್ಲಿ. ನೀ ಯಾವ ದೊಡ್ಡಾಂವ?"

ಹನ್ನೆರಡಕ್ಕೆ ಬಿಸಿಲು ನೆತ್ತಿಗೆ ಬಂತು. ಇಂದುಬಾಯಿ ಅಂಚನ್ನು ಮುಟ್ಟಿ ನೋಡಿದಳು. ರೊಟ್ಟಿಯ ಹಂಚಿನಂತೆ ಸುಟ್ಟಿತು. ಇಪ್ಪತ್ತು ವರ್ಷ ಅವಳು ಮಾಡಿದ್ದು ಒಂದೇ ಕೆಲಸ: ಹೊಸ ಕಾಂಕ್ರೀಟಿಗೆ ನೀರು ಹಾಕಿ, ಗೋಣಿಚೀಲ ಹೊದಿಸಿ, ಮತ್ತೆ ನೀರು ಹಾಕುವುದು. ಅವಳು ನೀರುಣಿಸಿದ ಒಂದು ಸ್ಲ್ಯಾಬೂ ಬಿರುಕು ಬಿಟ್ಟಿರಲಿಲ್ಲ. ಇವತ್ತು ಈ ಕೆಂಪು ಬಿರುಕು ಬಿಟ್ಟರೆ ಕಬ್ಬಿನ ಟ್ರ್ಯಾಕ್ಟರ್ ಕಾದೇ ಇತ್ತು. ದಣಿದು ಮಲಗಿದವರನ್ನು ಇಷ್ಟಕ್ಕೆ ಎಬ್ಬಿಸಲು ಅವಳಿಗೆ ಮನಸ್ಸಾಗಲಿಲ್ಲ. ಶಾಲೆಯ ಟಾಕಿಯಿಂದ ಕೊಡ ತುಂಬಿ ತಂದು, ಕಾಲಿಡದೆ, ಅಂಚಿನಲ್ಲೇ ನಡೆದು ಉದ್ದಕ್ಕೂ ಚಿಮುಕಿಸಿದಳು. ಎಂಟು ಕೊಡ. ಪ್ರತಿ ಕೊಡಕ್ಕೂ ಮೊಳಕಾಲು ಏನೋ ಅಂದಿತು. ಅವಳು ಕೇಳಿಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆ ಎದ್ದವು. ಆಮೇಲೆ ನೊರೆ. ಬಹಳ ನೀರಡಿಸಿದೆ ಎಂದುಕೊಂಡು ಮತ್ತೆರಡು ಕೊಡ ತಂದಳು.

ಹಾಜಿಮಲಂಗ ಎದ್ದು ನೋಡಿದಾಗ ರಸ್ತೆಗೆ ಸಿಡುಬಿನ ಅಮ್ಮ ಎದ್ದಂತಿತ್ತು.

"ಅಕ್ಕಾ, ಏನ ಮಾಡಿದಿ ಇದು?"

"ನೀರ ಹಾಕೇನಿ. ಭಾಳ ಕಾದಿತ್ತು."

"ಈ ಅಂಟು ಹಸಿ ಇದ್ದಾಗ ನೀರ ತಾಗಬಾರ್ದ ಬೇ!"

"ತಾಗಬಾರ್ದಂತ ಯಾವಾಗ ಹೇಳಿದಿ?"

"ಹೇಳ್ಲಿಲ್ಲ," ಎಂದು ಅವನು ಅವಳ ಪಕ್ಕ ಕೂತ.

ಎರಡಕ್ಕೆ ಕುಣಾಲ ಬಂದ. ಬೈಕಿನ ಕೀಲಿಯಿಂದ ಕೆರೆದ. ಹರಳು ಗಾಯದ ಹಕ್ಕಳೆಯಂತೆ ಎದ್ದು ಬಂತು.

"ನೀರ ನಾನ ಹಾಕಿಸೇನ್ರಿ ಸಾಹೇಬ್ರ," ಎಂದ ಹಾಜಿಮಲಂಗ.

ಕುಣಾಲ ಕೀಲಿಗೆ ಅಂಟಿದ ಕೆಂಪನ್ನು ಒರೆಸಿದ. ಅವನಿಗೂ ಮೇಲಿನವರಿಗೆ ಫೋನು ಮಾಡುವುದಿತ್ತು. "ಯಾರು ಹಾಕಿದರೂ ಒದ್ದೆ ಒದ್ದೆಯೇ, ಮಿಸ್ತ್ರಿ," ಎಂದ.

ಮುಂದಿನ ವಾರ ಪುಣೆಯ ಗ್ಯಾಂಗು ಬಂತು. ದೀಪಾವಳಿ ಮುಗಿದ ಮೂರನೆಯ ದಿನ ಇಂದುಬಾಯಿ ಕಬ್ಬಿಗೆ ಹೋದಳು.